ಒಂದು ಸೆಕ್ಷನ್ನಿಗೆ ಒಂದೇ ಗಾಡಿ

ಅರಸೀಕೆರೆಯಲ್ಲಿ ತಮ್ಮ ಮನೆಯ ಜಗಲಿ ಮೇಲೆ ಕೂತುಕೊಂಡೇ, ಬಾಣಾವರ ಸ್ಟೇಷನ್ನಿನಲ್ಲಿ ನಿಂತ ಗೂಡ್ಸ್ ಗಾಡಿಯ ಡ್ರೈವರು ಈವತ್ತು ಮೀಸೆಗೆ ಎಣ್ಣೆ ಹಚ್ಚಿದ್ದಾನೋ ಇಲ್ಲವೋ ಅಂತ ಹೇಳಬಲ್ಲವರು ಈ ಭೂಮಂಡಲದಲ್ಲಿ ಒಬ್ಬರೇ ಇದ್ದರು. ಅವರೇ ರಿಟೈರ್ಡ್ ಗಾರ್ಡ್ ಓಂಕಾರಪ್ಪನವರು. ನಡುವೆ ಅರ್ಧ ಊರಿದೆ, ತೆಂಗಿನ ತೋಟಗಳಿವೆ, ದಿಬ್ಬವೂ ಇದೆ. ದಿಬ್ಬ ಅಡ್ಡ ಬರೋದಿಲ್ವಾ ಎಂದು ಯಾರೋ ಕೇಳಿದ್ದಕ್ಕೆ, "ಬರುತ್ತೆ. ನಾನು ಒಂಚೂರು ವಾಲಿ ನೋಡ್ತೀನಿ" ಅಂದಿದ್ದರು.

"ಹಚ್ಚಿದ್ದಾನೆ," ಅಂದರು ಆವತ್ತೂ. "ಹರಳೆಣ್ಣೆ. ಒಂಚೂರು ಜಾಸ್ತೀನೇ ಆಗಿದೆ."

ಹಾಗನ್ನುತ್ತಾ ಚೊಂಬಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿದರು. ಕಾಫಿ ಲೋಟದ ಪಕ್ಕಕ್ಕೆ, ಜಗಲಿಯ ಕಲ್ಲಿನ ಮೇಲೆ, ಅಚ್ಚುಕಟ್ಟಾಗಿ ಬಿತ್ತು.

"ಮೊದಲ ಗುಟುಕು ಭೂಮಿತಾಯಿಗೆ," ಅಂದರು ಓಂಕಾರಪ್ಪನವರು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಸರ್ವಮಂಗಳಮ್ಮ ಲೋಟವನ್ನು ಇತ್ತ ಸರಿಸಿದಳು. ಎರಡನೇ ಗುಟುಕು ಲೋಟಕ್ಕೇ ಬಿತ್ತು.

ಈ ಅಕ್ಕನ ಕಣ್ಣು ಮಾತ್ರ ನಿಜಕ್ಕೂ ಹದ್ದಿನ ಕಣ್ಣು. ಸಿಪ್ಪೆಯ ಹೊರಗಿನಿಂದಲೇ ಯಾವ ಕಾಯಲ್ಲಿ ಹುಳ ಇದೆ ಅಂತ ಹೇಳುತ್ತಿದ್ದಳು. ಆದರೆ ತಾನು ಸುಲಿಯುತ್ತಿರುವುದು ಯಾರ ಮನೆಯ ಕಾಯಿ, ಇದು ಯಾವ ಊರು, ತಮ್ಮ ಡ್ಯೂಟಿಗೆ ಹೋಗಿದ್ದಾನೋ ರಿಟೈರ್ ಆಗಿದ್ದಾನೋ, ಇವೆಲ್ಲ ಈಚೀಚೆಗೆ ಅವಳ ತಲೆಯಿಂದ ಜಾರಿಹೋಗುತ್ತಿದ್ದವು. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಗೇಟ್‌ಮನ್ ಗಂಡನ ಜೊತೆ ಹಳಿ ಪಕ್ಕದ ಕ್ವಾರ್ಟರ್ಸಿನಲ್ಲೇ ಬಾಳಿದವಳು. ಗಂಡ ಹೋದ ಮೇಲೆ ಇಲ್ಲಿಗೆ ಬಂದಳು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದ ಓಂಕಾರಪ್ಪನವರ ಮನೆಗೆ ಮತ್ತೆ ದೀಪ ಹಚ್ಚುವವರು ಸಿಕ್ಕಿದ್ದರು.

ಅಕ್ಕ ತಮ್ಮ ಹೊರಗೆ ಹೊರಟರೆ ನಡುವೆ ಒಂದು ಕೊಡೆ ಇರುತ್ತಿತ್ತು. ಬಿಸಿಲಿಗಲ್ಲ. ಕೊಡೆಯ ಮೊಂಡು ತುದಿ ಅಕ್ಕನ ಕೈಲಿ, ಕೊಕ್ಕೆ ತಮ್ಮನ ಕೈಲಿ. ಅಕ್ಕ ಮುಂದೆ, ತಮ್ಮ ಹಿಂದೆ.

"ಇದೇನ್ ಗಾರ್ಡ್ ಸಾಹೇಬ್ರೇ?" ಅಂತ ಯಾರಾದರೂ ಕೇಳಿದರೆ, "ಕಪ್ಲಿಂಗ್ ಕಣಯ್ಯಾ, ಡಬ್ಬಿಗೆ ಡಬ್ಬಿ ಜೋಡಿಸೋ ಕೊಂಡಿ. ಅಕ್ಕ ದಾರಿ ತಪ್ಪಬಾರದಲ್ಲ," ಅನ್ನುತ್ತಿದ್ದರು.

"ಎಡಕ್ಕೆ ತಿರುಗು," ಅಂತ ಹಿಂದಿನಿಂದ ತಮ್ಮ ಹೇಳುವರು. "ಕಲ್ಲಿದೆ, ಕಾಲೆತ್ತು," ಅಂತ ಮುಂದಿನಿಂದ ಅಕ್ಕ ಹೇಳುವಳು. ಹೀಗೆ ಇಬ್ಬರೂ ತರಕಾರಿ ತರುತ್ತಿದ್ದರು, ಗುಡಿಗೆ ಹೋಗುತ್ತಿದ್ದರು, ಕೆರೆ ಏರಿ ಸುತ್ತಿ ಬರುತ್ತಿದ್ದರು.

ಒಂದು ದಿನ ಮಾತ್ರ ಕಪ್ಲಿಂಗ್ ಬಿಟ್ಟುಹೋಯಿತು. ಕರಿಬೇವು ತರುತ್ತೇನೆಂದು ಅಕ್ಕ ಒಬ್ಬಳೇ ಹೋದವಳು ಸೀದಾ ಪ್ಲಾಟ್‌ಫಾರಮ್ಮಿಗೆ ನಡೆದು, ನಿಂತಿದ್ದ ಪ್ಯಾಸೆಂಜರ್ ಹತ್ತಿ, ಕಡೂರಿನಲ್ಲಿ ಇಳಿದಿದ್ದಳು. ಚಹಾ ಮಾರುವವನೊಬ್ಬ ಗುರುತು ಹಿಡಿದು ಕರೆದುಕೊಂಡು ಬಂದ. ಅಕ್ಕನ ಕೈಲಿ ಕರಿಬೇವೂ ಇತ್ತು, ಆ ಮಾತು ಬೇರೆ.

ಸುದ್ದಿ ತುಮಕೂರಿನಲ್ಲಿದ್ದ ಅಕ್ಕನ ಮಗಳು ವಸಂತಕುಮಾರಿಯ ಕಿವಿಗೆ ಬಿತ್ತು. ಅವಳು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಫೋನಿನಲ್ಲೂ ಬೆತ್ತ ಕಾಣುತ್ತಿತ್ತು.

"ಮಾವ, ಸಂಕ್ರಾಂತಿಗೆ ಬರ್ತಾ ಇದೀನಿ. ಅಮ್ಮ ಇನ್ನೊಂದ್ಸಲ ದಾರಿ ತಪ್ಪಿದ್ಲು ಅಂತ ಗೊತ್ತಾದ್ರೆ, ಹಬ್ಬ ಮುಗಿಸಿ ನನ್ನ ಜೊತೆ ಕರ್ಕೊಂಡು ಹೋಗಿಬಿಡ್ತೀನಿ."

"ದಾರಿ ತಪ್ಪೋದಾ? ನನ್ನ ಕಣ್ಣು ತಪ್ಪಿಸಿ ಈ ರೈಲ್ವೆ ಕಾಲೋನೀಲಿ ಇರುವೇನೂ ಓಡಾಡಲ್ಲಮ್ಮ," ಅಂದರು ಓಂಕಾರಪ್ಪನವರು. ಫೋನಿಟ್ಟ ಮೇಲೆ ಆವತ್ತೆಲ್ಲ ಬಾಣಾವರದ ಕಡೆ ತಿರುಗಿಯೂ ನೋಡಲಿಲ್ಲ. ಅಕ್ಕ ಹೋದರೆ ಆ ಕೊಡೆಯ ಇನ್ನೊಂದು ತುದಿಯನ್ನು ಹಿಡಿಯುವವರು ಯಾರು?

ಮರುದಿನವೇ ಪಕ್ಕದ ಮನೆಯ ಸಿಗ್ನಲ್ ಆಚಾರ್ರ ಶೆಡ್ಡಿಗೆ ಹೋಗಿ, ಏನಾದರೂ ದಾರಿ ಮಾಡಿ ಎಂದರು.

ಸಿಗ್ನಲ್ ಆಚಾರ್ರು ಅಂದರೆ ವೀರಭದ್ರಾಚಾರ್. ಸರ್ವೀಸೆಲ್ಲ ಸಿಗ್ನಲ್ ರಿಪೇರಿ ಮಾಡಿ, ರಿಟೈರ್ ಆದ ಮೇಲೆ ಯಂತ್ರಗಳನ್ನು ಹುಟ್ಟಿಸುವುದಕ್ಕೆ ಕೂತವರು. ಅವರ ತೆಂಗಿನಕಾಯಿ ತುರಿಯುವ ಯಂತ್ರ ಕಾಯನ್ನು ಬಿಟ್ಟು ಮನೆಯ ತಾರಸಿಯನ್ನು ತುರಿದದ್ದು ಕಾಲೋನಿಗೆಲ್ಲ ಗೊತ್ತು. ಆದರೆ ಗೆಳೆತನಕ್ಕೆ ಪ್ರಾಣ ಬಿಡುವ ಮನುಷ್ಯ. ಊಟ ತಿಂಡಿ ಮರೆತು ಕೆಲಸ ಮಾಡಿ, ಹಬ್ಬದ ಹಿಂದಿನ ದಿನ ಗಡ್ಡದ ತುಂಬ ಹಿತ್ತಾಳೆ ಪುಡಿ ಮೆತ್ತಿಕೊಂಡು ಹೊರಗೆ ಬಂದರು. ಕೈಯಲ್ಲಿ ಹಿಂದಿನ ಕಾಲದ ಕೂಲಿಗಳು ಕಟ್ಟಿಕೊಳ್ಳುತ್ತಿದ್ದಂಥ ಹಿತ್ತಾಳೆ ಬಿಲ್ಲೆ.

"ಇದು ಕಾಣದ ಬೇಲಿ, ಗಾರ್ಡ್ ಸಾಹೇಬ್ರೇ. ಮೇಲೆ ಉಪಗ್ರಹಗಳಿವೆ. ಈ ಬಿಲ್ಲೆ ಭೂಮಿ ಮೇಲೆ ಎಲ್ಲಿದ್ರೂ ಅವುಗಳ ಸಹಾಯದಿಂದ ಪತ್ತೆ ಮಾಡಬಹುದು. ನಾನು ಮ್ಯಾಪಿನ ಮೇಲೆ ಬೆರಳಲ್ಲಿ ಒಂದು ಗೆರೆ ಎಳೀತೀನಿ. ನೆಲದ ಮೇಲೆ ಮುಳ್ಳಿಲ್ಲ, ತಂತಿ ಇಲ್ಲ. ಆದ್ರೆ ಬಿಲ್ಲೆ ಗೆರೆ ದಾಟಿದ್ರೆ ಮೆಷಿನ್ನಿಗೆ ಗೊತ್ತಾಗಿಬಿಡುತ್ತೆ. ಹೀಗೇ ಲಾರಿ ಕಾಯ್ತಾರೆ, ಕಾಡಲ್ಲಿ ಆನೆ ಕಾಯ್ತಾರೆ. ನಾನು ಅಕ್ಕನೋರನ್ನ ಕಾಯ್ತೀನಿ."

"ಆನೆ ಜೊತೆ ನನ್ನನ್ಯಾಕೋ ಸೇರಿಸ್ತೀಯ ಆಚಾರಿ?" ಅಂದಳು ಅಕ್ಕ.

ಪ್ರಯೋಗಕ್ಕೆ ಎದುರುಮನೆ ಜುಬೇದಮ್ಮನವರ ಹೋತ, ನವಾಬ, ಸಿಕ್ಕಿತು. ಅದರ ಕೊರಳಿಗೆ ಒಂದು ಬಿಲ್ಲೆ ಕಟ್ಟಿ ಬಿಟ್ಟರು. ನವಾಬ ಗಂಭೀರವಾಗಿ ಗೇಟು ದಾಟಿತು. ಒಡನೆಯೇ ಆಚಾರ್ರು ಪ್ರತಿ ಗೇಟಿಗೂ ಜಡಿದಿದ್ದ ಪೆಟ್ಟಿಗೆಗಳಲ್ಲಿ ಕೆಂಪು ದೀಪ ಹತ್ತಿ, ಸ್ಟೇಷನ್ನಿನ ಧಾಟಿಯಲ್ಲಿ ಒಂದು ಹೆಣ್ಣು ದನಿ ಮೊಳಗಿತು:

"ಪ್ರಯಾಣಿಕರ ಗಮನಕ್ಕೆ. ಗಾಡಿ ಸಂಖ್ಯೆ ಒಂದು, ನವಾಬ, ತನ್ನ ಮನೆಯ ಗಡಿ ದಾಟಿ, ಗಾರ್ಡ್ ಸಾಹೇಬರ ದಾಸವಾಳದ ಗಿಡಕ್ಕೆ ಆಗಮಿಸಿದೆ."

"ನನ್ನ ದನಿ ಇದ್ದಂಗಿದೆಯಲ್ರೀ!" ಅಂದರು ಆಚಾರ್ರ ಹೆಂಡತಿ ಗಾಯಿತ್ರಮ್ಮ.

"ನಿಂದೇ ಕಣೇ. ಈ ಕಾಲೋನೀಲಿ ಎಲ್ರೂ ಹೆದರೋ ದನಿ ಇನ್ಯಾವುದಿದೆ?"

ಜನ ಚಪ್ಪಾಳೆ ತಟ್ಟಿದರು. ಅಕ್ಕನ ಕೈಗೊಂದು, ಅವಳ ಸುದ್ದಿ ತಿಳಿಯಲೆಂದು ಓಂಕಾರಪ್ಪನವರ ಕೈಗೊಂದು ಬಿಲ್ಲೆ ಬಂತು. ಅಕ್ಕ ಕೈಗೆ ಹಾಕಿದ್ದನ್ನೆಲ್ಲ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಮುಚ್ಚಿಡುವವಳಾದ್ದರಿಂದ ಬಿಲ್ಲೆಗೆ ಬೀಗದ ಕೊಂಡಿ. ಇದನ್ನು ನೋಡಿ ಎಲ್ಲರಿಗೂ ಆಸೆಯಾಯಿತು. ನನಗೊಂದು, ನನ್ನ ಕುಕ್ಕರಿಗೊಂದು, ನಮ್ಮ ಮನೆಯವರಿಗೊಂದು ಅಂತ ಮುಗಿಬಿದ್ದರು. ಆಚಾರ್ರ ಹತ್ತಿರ ಇದ್ದದ್ದು ಒಂದೇ ಅಚ್ಚು. ಹಾಗಾಗಿ ಎಲ್ಲರಿಗೂ ಬೀಗದ ಕೊಂಡಿ, ಕುಕ್ಕರಿಗೆ ಅಂಟಿಸಬೇಕಲ್ಲ ಅಂತ ಎಲ್ಲದರ ಬೆನ್ನಿಗೂ ಅಯಸ್ಕಾಂತ. ಸಂಜೆಯ ಹೊತ್ತಿಗೆ ಕಾಲೋನಿ ತುಂಬ ಕೂಲಿಗಳ ಸಂಘ ತೆರೆದಂತಿತ್ತು.

ಆ ಸಂಜೆ ಓಂಕಾರಪ್ಪನವರು ಅಕ್ಕನ ಪಕ್ಕ ಕೂತು ಬಿಲ್ಲೆಯನ್ನು ಬೆರಳಿನಿಂದ ಸವರಿ ಸವರಿ ನೋಡಿದರು. "ಇನ್ನು ನಿನ್ನ ಯಾರೂ ಕರ್ಕೊಂಡು ಹೋಗಲ್ಲ ಬಿಡಕ್ಕ," ಅಂದರು. ಆಚಾರ್ರ ಮನೆ ಕಡೆ ಒಂದು ಸಲ ಕೈ ಮುಗಿದರು. ಆಚಾರ್ರ ಮನೆ ಇದ್ದದ್ದು ಇನ್ನೊಂದು ಕಡೆಗೆ.

ಮೆಷಿನ್ನಿನ ಪೂರ್ತಿ ಗುಣ ಬೆಳಕಿಗೆ ಬಂದದ್ದು ಹಬ್ಬದ ಬೆಳಿಗ್ಗೆ. ಗಾಯಿತ್ರಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ಹೆಚ್ಚುತ್ತಿದ್ದರು. ಆಚಾರ್ರು ಶೆಡ್ಡಿನಲ್ಲಿ ಮೆಷಿನ್ನಿಗೆ ಕಡೆಯ ನಿಯಮಗಳನ್ನು ತುಂಬಿ, ಕಾಫಿಗೆಂದು ಒಳಗೆ ಕಾಲಿಟ್ಟರು. ಇಂಜಿನ್ನಿನಂಥ ಹಾರನ್ನು ಬಡಿದುಕೊಂಡಿತು.

"ಪ್ರಯಾಣಿಕರ ಗಮನಕ್ಕೆ. ಈ ಸೆಕ್ಷನ್ನಿನಲ್ಲಿ ಈಗಾಗಲೇ ಒಂದು ಗಾಡಿ ಇದೆ. ಎರಡನೇ ಗಾಡಿ ಕೂಡಲೇ ಹಿಂದೆ ಸರಿಯತಕ್ಕದ್ದು."

"ನನ್ನ ಬಾಯಲ್ಲೇ ನನ್ನ ಗಂಡನ್ನ ಅಡುಗೆಮನೆಯಿಂದ ಓಡಿಸ್ತಿದೀರಲ್ರೀ! ಅಷ್ಟು ಕೆಲಸ ನಂಗೇ ಬರ್ತಿರ್ಲಿಲ್ವಾ?"

ಆಚಾರ್ರು ಕಾಫಿಯಿಲ್ಲದೆ ಹಿಂದೆ ಸರಿದರು. ಅವರು ಗೇಟು ದಾಟಿದ್ದೇ ತಡ, ಗೇಟಿನ ಪೆಟ್ಟಿಗೆಯಿಂದ ಚಿಲಕವೊಂದು ತಾನಾಗಿ ಠಕ್ ಎಂದು ಬಿತ್ತು. ಅಷ್ಟು ಹೊತ್ತಿಗೆ ಕಾಲೋನಿಯ ಎಲ್ಲ ಮನೆಗಳಿಂದಲೂ ಹಾರನ್ನು ಕೇಳುತ್ತಿತ್ತು. ಒಂದೊಂದು ಮನೆಯಿಂದ ಒಬ್ಬೊಬ್ಬರು ಆಚೆ ಬಂದು ಬೀದಿಯಲ್ಲಿ ನಿಂತರು. ಒಂದು ಮನೆಯೊಳಗೆ ಕುಕ್ಕರ್ ಇತ್ತಾದ್ದರಿಂದ ಆ ಮನೆಯವರೆಲ್ಲರೂ ಬೀದಿಯಲ್ಲಿದ್ದರು.

"ಇದೇನ್ರೀ ಆಚಾರ್ರೇ?"

"ಯಾಕೆ, ಮರ್ತು ಹೋಯ್ತಾ?" ಆಚಾರ್ರು ಗಡ್ಡ ನೀವಿಕೊಂಡರು. "ಒಂದು ಸೆಕ್ಷನ್ನಿಗೆ ಒಂದೇ ಗಾಡಿ. ಒಳಗಿರೋದು ಆಚೆ ಹೋಗೋ ತನಕ ಇನ್ನೊಂದು ಒಳಗೆ ಬರೋ ಹಾಗಿಲ್ಲ. ಇಲ್ಲಿ ಒಂದೊಂದು ಮನೆ, ಒಂದೊಂದು ಓಣಿಯೂ ಒಂದು ಸೆಕ್ಷನ್ನು; ಈ ಬೀದಿ ಮಾತ್ರ ಯಾರ್ಡು, ಎಷ್ಟು ಗಾಡಿ ಬೇಕಾದ್ರೂ ನಿಲ್ಲಬಹುದು. ಬೇಲಿ ಹಾಕೋದಾದ್ರೆ ಶಾಸ್ತ್ರೋಕ್ತವಾಗಿ ಹಾಕ್ಬೇಕು."

ಬೇರೆ ಯಾವ ಊರಿನ ಜನವಾದರೂ ಅಲ್ಲೇ ಅವರ ಗಡ್ಡ ಹಿಡಿಯುತ್ತಿದ್ದರು. ಇಲ್ಲಿ ನೆರೆದಿದ್ದವರು ರಿಟೈರ್ಡ್ ಡ್ರೈವರು, ರಿಟೈರ್ಡ್ ಪಾಯಿಂಟ್ಸ್‌ಮನ್, ರಿಟೈರ್ಡ್ ಸ್ಟೇಷನ್ ಮಾಸ್ಟರು. ಜೀವಮಾನವೆಲ್ಲ ಈ ಒಂದು ಮಾತಿನ ಮೇಲೆ ಜನರ ಪ್ರಾಣ ಕಾಪಾಡಿದವರು. ಅವರೆಲ್ಲ ಬೀದಿಯಲ್ಲಿ ಚಳಿಗೆ ನಡುಗುತ್ತಾ, "ಅದು ಸರಿ, ಅದು ಸರಿ," ಅಂತ ತಲೆದೂಗಿದರು.

"ಏನ್ ಸರಿ?" ಅಂದರು ಗಾಯಿತ್ರಮ್ಮ ಕಿಟಕಿಯಿಂದ. "ಈವತ್ತು ಎಳ್ಳು ಬೀರೋ ದಿನ! ಮನೆ ಮನೆಗೆ ಹೋಗ್ಬೇಕು. ಒಬ್ಬರ ಮನೆಗೆ ಇನ್ನೊಬ್ರು ಹೋಗೋ ಹಾಗಿಲ್ಲ ಅಂದ್ರೆ ಎಳ್ಳನ್ನ ಯಾರಿಗೆ ಬೀರೋದು, ಉಪಗ್ರಹಕ್ಕಾ?"

"ಗೇಟಲ್ಲೇ ನಿಂತು ಕೊಡಿ."

"ಹೊಸಿಲಾಚೆ ನಿಲ್ಲಿಸಿ ಎಳ್ಳು ಕೊಡೋದು ಉಂಟಾ? ಒಳಗೆ ಕರೆದು, ಕೂರಿಸಿ, ಕುಂಕುಮ ಇಟ್ಟು ಕೊಡ್ಬೇಕು. ಬಿಚ್ರೀ ಈ ಬಿಲ್ಲೇನ. ಬೀಗದ ಕೈ ಎಲ್ಲಿ?"

ಆಚಾರ್ರು ಮೊದಲ ಬಾರಿಗೆ ಗಡ್ಡದಿಂದ ಕೈ ತೆಗೆದರು.

ಬೀಗದ ಕೈ ಶೆಡ್ಡಿನಲ್ಲಿತ್ತು. ಅದು ಕಳೆದುಹೋಗಬಾರದೆಂದು ಆಚಾರ್ರು ಅದಕ್ಕೂ ಒಂದು ಬಿಲ್ಲೆ ಕಟ್ಟಿದ್ದರು. ಬಿಲ್ಲೆ ಇದ್ದಮೇಲೆ ಬೀಗದ ಕೈಯೂ ಒಂದು ಗಾಡಿ. ಶೆಡ್ಡು ಎಂಬ ಸೆಕ್ಷನ್ನಿನಲ್ಲಿ ಅದು ರಾಜನಂತೆ ಒಂದೇ ಕೂತಿತ್ತು, ಮತ್ತು ಶೆಡ್ಡಿನ ಬಾಗಿಲು ಭದ್ರವಾಗಿ ಚಿಲಕ ಹಾಕಿಕೊಂಡಿತ್ತು. ಬಾಗಿಲು ಮಾಡಿದ್ದು ಹಳೇ ಹಳಿಯ ಕಬ್ಬಿಣದಿಂದ. ಇನ್ನು ಮೆಷಿನ್ನಿನ ಬ್ಯಾಟರಿಗೆ ಬಿಸಿಲೇ ಆಹಾರ.

"ಬ್ಯಾಟರಿ ಯಾವಾಗ ಮುಗಿಯುತ್ತೆ?"

"ಸೂರ್ಯ ಇರೋ ತನಕ ಮುಗಿಯಲ್ಲ," ಅಂದರು ಆಚಾರ್ರು. ದನಿಯಲ್ಲಿ ಸ್ವಲ್ಪ ಹೆಮ್ಮೆ ಉಳಿದೇ ಇತ್ತು.

ಇಷ್ಟೆಲ್ಲ ಆಗುವಾಗ ಓಂಕಾರಪ್ಪನವರು ತಮ್ಮ ಗೇಟಿನ ಹೊರಗಿದ್ದರು. ಬೇವಿನ ಕಡ್ಡಿ ಮುರಿಯಲು ಬಂದವರ ಹಿಂದೆ ಚಿಲಕ ಬಿದ್ದಿತ್ತು. ಒಳಗೆ ಅಕ್ಕ. ಕೊಡೆಯೂ ಒಳಗೆ. ವಸಂತಳ ಗಾಡಿ ತಿಪಟೂರು ಬಿಟ್ಟಿದೆ ಅಂತ ಅವರಿಗೆ ಹೊತ್ತಿನ ಮೇಲೇ ಗೊತ್ತಿತ್ತು.

"ಅಕ್ಕಾ, ಅಲ್ಲೇ ಕೂತ್ಕೋ. ಎಲ್ಲೂ ಹೋಗ್ಬೇಡ."

"ಡ್ಯೂಟಿಯಿಂದ ಈಗ ಬಂದ್ಯಾ ಓಂಕಾರಿ?" ಅಂದಳು ಅಕ್ಕ ಒಳಗಿನಿಂದ. "ಇರು, ಎಳ್ಳು ತರ್ತೀನಿ."

ಮುಂದಿನ ಗೇಟಿಗೆ ಚಿಲಕ ಬಿದ್ದಿದೆ ಅಂತ ಅಕ್ಕ ಹಿತ್ತಿಲ ಬಾಗಿಲಿನಿಂದ ಹೊರಟಳು. ಹಿತ್ತಿಲಿಗೆ ಚಿಲಕ ಇರಲಿಲ್ಲ. ಆಚಾರ್ರ ಬಳಿ ಪೆಟ್ಟಿಗೆಗಳು ಮುಗಿದುಹೋಗಿದ್ದವು. ಮುಂದಿನ ಗಳಿಗೆಯಲ್ಲಿ ಊರಿಗೆಲ್ಲ ಕೇಳುವಂತೆ ಗಾಯಿತ್ರಮ್ಮನ ದನಿ ಸಾರಿತು:

"ಪ್ರಯಾಣಿಕರ ಗಮನಕ್ಕೆ. ಸರ್ವಮಂಗಳಮ್ಮ, ತಮ್ಮ ಮನೆಯ ಗಡಿ ದಾಟಿ, ಹಿಂದಿನ ಓಣಿಗೆ ಆಗಮಿಸಿದ್ದಾರೆ."

ಓಂಕಾರಪ್ಪನವರು ಓಡಿದರು. ಅರವತ್ತು ದಾಟಿದ ಮೇಲೆ ಅರಸೀಕೆರೆಯಲ್ಲಿ ಅವರಷ್ಟು ಜೋರಾಗಿ ಓಡಿದವರು ಇನ್ನೊಬ್ಬರಿಲ್ಲ ಅಂತ ಆಮೇಲೆ ಅವರೇ ಹೇಳಿದರು. ನೋಡಿದವರ ಪ್ರಕಾರ, ಒಂದು ಕೈಯಲ್ಲಿ ಗೋಡೆ ಸವರುತ್ತಾ, ಕೊಂಚ ಚುರುಕಾಗಿ ನಡೆದರು. ಕಾಲೋನಿಯ ತಿರುವು ತಿರುವೂ ಅವರಿಗೆ ಬಾಯಿಪಾಠ. ಓಣಿಗೆ ಕಾಲಿಟ್ಟರು. ಹಾರನ್ನು ಬಡಿದುಕೊಂಡಿತು. ಎರಡನೇ ಗಾಡಿ!

ಅಕ್ಕನಿಗೆ ಏನು ಮರೆತರೂ ಒಂದು ಮರೆತಿರಲಿಲ್ಲ. ಹಾರನ್ನು ಕೇಳಿದರೆ ಹಳಿ ಬಿಟ್ಟು ಈಚೆ ಬರಬೇಕು. ಬದುಕೆಲ್ಲ ಹಾಗೇ ಬದುಕಿದವಳು. ಎಳ್ಳಿನ ತಟ್ಟೆ ಎದೆಗವುಚಿಕೊಂಡು ಪಕ್ಕದ ಓಣಿಗೆ ಸರಿದಳು.

"ಸರ್ವಮಂಗಳಮ್ಮ, ಪಂಪ್‌ಹೌಸ್ ಓಣಿಗೆ ಆಗಮಿಸಿದ್ದಾರೆ."

ಓಂಕಾರಪ್ಪನವರು ಪಂಪ್‌ಹೌಸ್ ಓಣಿಗೆ ಬಂದರು. ಹಾರನ್ನು. ಅಕ್ಕ ಗಣಪತಿ ಗುಡಿಯ ಓಣಿಗೆ ಸರಿದಳು. ಓಂಕಾರಪ್ಪನವರು ಗುಡಿಯ ಓಣಿಗೆ ಬಂದರು. ಹಾರನ್ನು. ಅಕ್ಕ ನೀರಿನ ಟ್ಯಾಂಕಿನ ಕಡೆಗೆ. ಎಲ್ಲಿದ್ದಾಳೆಂದು ಮೆಷಿನ್ನು ಚಾಚೂ ತಪ್ಪದೆ ಹೇಳುತ್ತಿತ್ತು. ಹತ್ತಿರ ಹೋಗುವುದಕ್ಕೆ ಮಾತ್ರ ಬಿಡುತ್ತಿರಲಿಲ್ಲ.

ಟ್ಯಾಂಕಿನ ತಿರುವಿನಲ್ಲಿ ಓಂಕಾರಪ್ಪನವರ ಕೈಗೆ ಒಂದು ಗಡ್ಡ ಸಿಕ್ಕಿತು.

"ಆಚಾರ್ರೇ!" ಅಂದರು ಏದುಸಿರು ಬಿಡುತ್ತಾ. "ಅಕ್ಕನ್ನ ಕಾಪಾಡಿ ಅಂದ್ರೆ ಅಕ್ಕನ್ನೇ ಓಡಿಸ್ತಿದೀರಲ್ರೀ. ವಸಂತ ಬಂದ್ಲು ಅಂದ್ರೆ ನನ್ನ ಕತೆ ಮುಗೀತು. ಮಾತಾಡಿ. ಇಷ್ಟೆಲ್ಲಾ ಮಾಡಿ, ಈಗ ಮೆಲುಕು ಹಾಕ್ಕೊಂಡು ನಿಂತಿದೀರಲ್ಲ."

"ಅಣ್ಣಾ," ಅಂದರು ಹಿಂದಿನಿಂದ ಜುಬೇದಮ್ಮ, ಮೆಲ್ಲಗೆ. "ಅದು ನವಾಬ."

"ಗೊತ್ತಮ್ಮ," ಅಂದರು ಓಂಕಾರಪ್ಪನವರು ತಕ್ಷಣ. "ಅವನಿಗೂ ಒಂದು ಮಾತು ಹೇಳೋದಿತ್ತು. ದಾಸವಾಳದ ವಿಷಯ."

"ಹೇಳಿ ಅಣ್ಣ, ಹೇಳಿ. ಆಮೇಲೆ ಬಲಕ್ಕೆ ಹೋಗಿ. ಎಡಕ್ಕೆ ಮೋರಿ ಚಪ್ಪಡಿ ಎದ್ದಿದೆ."

ಬಲಕ್ಕೆ ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ ಅವರಿಗೆ ಹೊಳೆಯಿತು. ಇಷ್ಟು ವಿವರವಾಗಿ ಜುಬೇದಮ್ಮ ಯಾಕೆ ಹೇಳಿದರು? ಆದರೆ ಅದನ್ನು ಯೋಚಿಸುತ್ತಾ ನಿಲ್ಲಲು ಹೊತ್ತಿರಲಿಲ್ಲ. ದೂರದಲ್ಲಿ ತುಮಕೂರಿನ ಗಾಡಿ ಕೂಗಿತು. ಔಟರ್ ಸಿಗ್ನಲ್ ದಾಟಿತ್ತು.

ಆ ಕೂಗಿಗೆ ಅವರ ಕೈ ತಾನಾಗಿ ಜೇಬಿಗೆ ಹೋಯಿತು. ರಿಟೈರ್ ಆದರೂ ಗಾರ್ಡಿನ ಸೀಟಿ ಜೇಬಿನಲ್ಲೇ ಇರುತ್ತಿತ್ತು. ಹಿಂದೆ, ದೂರದ ಡ್ಯೂಟಿ ಮುಗಿಸಿ ಬರುವಾಗ, ಗೇಟಿನ ಹತ್ತಿರ ಗಾಡಿ ನಿಧಾನವಾದರೆ ಓಂಕಾರಪ್ಪ ಒಂದು ಉದ್ದ, ಒಂದು ಗಿಡ್ಡ ಸೀಟಿ ಊದುತ್ತಿದ್ದರು. ಗೇಟ್‌ಮನ್ನಿನ ಮನೆಯಲ್ಲಿ ಅಕ್ಕ ಅನ್ನಕ್ಕೆ ಎಸರಿಡುತ್ತಿದ್ದಳು.

ಅವರು ನಿಂತರು. ಒಂದು ಉದ್ದ. ಒಂದು ಗಿಡ್ಡ.

ಟ್ಯಾಂಕಿನ ಆಚೆ ಹೆಜ್ಜೆಗಳು ನಿಂತವು. ಆಮೇಲೆ ಇತ್ತ ತಿರುಗಿದವು. ಹಾರನ್ನು ಹೊಡೆದುಕೊಂಡಿತು, ಗಾಯಿತ್ರಮ್ಮನ ದನಿ ಬೆದರಿಸಿತು, ಕೆಂಪು ದೀಪಗಳೆಲ್ಲ ಕಣ್ಣು ಬಿಟ್ಟವು. ಆ ಹೆಜ್ಜೆಗಳು ಒಂದನ್ನೂ ಲೆಕ್ಕಕ್ಕಿಡಲಿಲ್ಲ.

"ಇಷ್ಟೊತ್ತು ಎಲ್ಲಿಗೋ ಹೋಗಿದ್ದೆ? ಕೈ ಕೊಡು," ಅಂದಳು ಅಕ್ಕ. "ಮುಖ ಎಲ್ಲಾ ಮಸಿ. ಊಟ ಮಾಡಿದ್ಯಾ?"

ಕೈ ಕೈ ಸೇರಿತು. ಎರಡು ಬಿಲ್ಲೆಗಳ ಬೆನ್ನಿನ ಅಯಸ್ಕಾಂತಗಳು ಟಕ್ಕನೆ ಕಚ್ಚಿಕೊಂಡವು. ಹಾರನ್ನು ಅರ್ಧ ಕೂಗಿಗೇ ನಿಂತಿತು. ಕೆಂಪು ಹೋಗಿ ಹಸಿರು ಹತ್ತಿತು.

"ಪ್ರಯಾಣಿಕರ ಗಮನಕ್ಕೆ. ಡಬ್ಬಿಗಳ ಜೋಡಣೆಯಾಗಿದೆ. ಸೆಕ್ಷನ್ನಿನಲ್ಲಿ ಒಂದೇ ಗಾಡಿ ಇದೆ. ಶುಭ ಪ್ರಯಾಣ."

ಓಂಕಾರಪ್ಪನವರು ಅಕ್ಕನ ಕೈ ಬಿಡದೆ ಕೂಗಿದರು: "ಆಚಾರ್ರೇ! ಎರಡು ಡಬ್ಬಿ ಜೋಡಿಸಿದ್ರೆ ಎಷ್ಟು ಗಾಡಿ?"

"ಒಂದೇ!" ಈ ಸಲ ನಿಜವಾದ ಆಚಾರ್ರೇ ಓಡಿಬಂದರು. "ಸ್ವಾಮಿ, ನಾನೇ ತುಂಬಿದ ನಿಯಮ, ಇದು ನಂಗೆ ಯಾಕ್ ಹೊಳೀಲಿಲ್ಲ!"

ಆಮೇಲೆ ನಡೆದದ್ದನ್ನು ಅರಸೀಕೆರೆ ಇನ್ನೂ ಮರೆತಿಲ್ಲ. ಬಿಲ್ಲೆಗೆ ಬಿಲ್ಲೆ ತಾಗಿಸಿ, ಕೈಗೆ ಕೈ ಹಿಡಿದು, ಇಡೀ ಕಾಲೋನಿ ಒಂದೇ ಗಾಡಿಯಾಯಿತು. ಮುಂದೆ ಇಂಜಿನ್ನಾಗಿ ಆಚಾರ್ರು, ಹಿಂದೆ ರೇಷ್ಮೆ ಸೀರೆಯ ಹೆಂಗಸರು, ಮಂಕಿ ಟೋಪಿಯ ಗಂಡಸರು, ನಡುವೆ ಒಂದು ಕುಕ್ಕರ್, ಒಂದು ಹೋತ. ಗಾಡಿ ಪ್ರತಿ ಮನೆಗೂ ನುಗ್ಗಿತು, ನಡುಮನೆಯಲ್ಲಿ ಸುತ್ತು ಹಾಕಿತು, ಎಳ್ಳು ಬೀರಿತು, ಕುಂಕುಮ ಇಟ್ಟುಕೊಂಡಿತು, ಹಿತ್ತಿಲ ಬಾಗಿಲಿನಿಂದ ಆಚೆ ಬಂತು. ತಾವಿಲ್ಲದೆ ಒಬ್ಬರ ಮನೆಗೂ ಎಳ್ಳು ಹೋಗಲಿಲ್ಲ ಅಂತ ಎಲ್ಲರಿಗೂ ಸಮಾಧಾನ. ನವಾಬ ಪ್ರತಿ ಮನೆಯಲ್ಲೂ ಕಬ್ಬು ತಿಂದಿತು.

ವಸಂತಕುಮಾರಿ ಆಟೋದಿಂದ ಇಳಿದಾಗ ಗಾಡಿ ಆಚಾರ್ರ ಶೆಡ್ಡಿನ ಮುಂದೆ ನಿಂತಿತ್ತು. ಬೀಗದ ಕೈಯನ್ನು ತರುವ ಕಡೆಯ ಕೆಲಸ ಬಾಕಿ.

"ಏನ್ ಮಾವ ಇದು?" ಅಂದಳು ಅವಳು. "ಅಮ್ಮ ಹೇಗಿದಾಳೆ? ದಾರಿ ಗೀರಿ ತಪ್ಪಿದ್ಲಾ?"

ಓಂಕಾರಪ್ಪನವರು ಬಾಯಿ ತೆರೆಯುವ ಮುಂಚೆಯೇ ಗಾಯಿತ್ರಮ್ಮ, "ತಪ್ಪೋದಾ? ಬೆಳಗಿಂದ ಗಾಡಿ ಬಿಟ್ಟು ಇಳಿದೇ ಇಲ್ಲ," ಅಂದರು. ಇಡೀ ಗಾಡಿ ಹೌದೌದು ಎಂದಿತು.

ಆಚಾರ್ರು ವಿವರಿಸಿದರು. ನಿಂತ ಡಬ್ಬಿಯನ್ನು ಜೋಡಿಸಿಕೊಳ್ಳಲು ಮಾತ್ರ ಗಾಡಿ ಅದೇ ಸೆಕ್ಷನ್ನಿಗೆ ಹೋಗಬಹುದು, ಅದಕ್ಕೆ ಮೆಷಿನ್ನಿನಲ್ಲಿ ಮೊದಲೇ ದಾರಿ ಬಿಟ್ಟಿದೆ. ಆದರೆ ಕಡೇ ಡಬ್ಬಿಯಿಂದ ಗಾರ್ಡ್ ಹಸಿರು ಬಾವುಟ ತೋರಿಸಬೇಕು. ಶೆಡ್ಡಿನ ಮೇಲಿನ ಕ್ಯಾಮೆರಾ ಹಸಿರು ಕಂಡರೆ ಚಿಲಕ ತೆಗೆಯುತ್ತದೆ.

ಓಂಕಾರಪ್ಪನವರ ಎದೆ ಉಬ್ಬಿತು. ಎಷ್ಟೋ ಕಾಲದ ಮೇಲೆ ಒಂದು ಗಾಡಿ ಅವರ ಬಾವುಟಕ್ಕಾಗಿ ಕಾಯುತ್ತಿತ್ತು. ಗಾಡಿ ಅವರ ಮನೆ ಹೊಕ್ಕಾಗಲೇ ಅಕ್ಕ ಗೋಡೆಯ ಮೊಳೆಯಿಂದ ಹಳೇ ಬಾವುಟಗಳ ಸುರುಳಿಗಳನ್ನು ತಂದು ಕಂಕುಳಲ್ಲಿಟ್ಟುಕೊಂಡಿದ್ದಳು.

"ಅಕ್ಕ, ಹಸಿರು ಕೊಡು."

ಅಕ್ಕ ಕೊಟ್ಟಳು. ಓಂಕಾರಪ್ಪನವರು ಸುರುಳಿ ಬಿಚ್ಚಿ, ಕೈ ನೀಟಾಗಿ ಚಾಚಿ, ಸೀಟಿ ಊದಿ ಬೀಸಿದರು. ಅಂಥ ಬೀಸನ್ನು ಬೀರೂರಿನಿಂದ ತುಮಕೂರಿನ ತನಕ ಯಾವ ಗಾರ್ಡೂ ಬೀಸಿರಲಿಕ್ಕಿಲ್ಲ.

ಚಿಲಕ ಅಲುಗಲಿಲ್ಲ.

"ಗಾರ್ಡ್ ಅವರ ಗಮನಕ್ಕೆ," ಅಂದಿತು ಮೆಷಿನ್ನು. "ನೀವು ತೋರಿಸುತ್ತಿರುವುದು ಕೆಂಪು."

"ಆಚಾರ್ರೇ, ನಿಮ್ಮ ಮೆಷಿನ್ನಿಗೆ ಕಣ್ಣು ಕೆಟ್ಟಿದೆ," ಅಂದರು ಓಂಕಾರಪ್ಪನವರು, ಇನ್ನೂ ಬೀಸುತ್ತಾ. "ಇದು ಹಸಿರು."

ಹೋತ ಕಬ್ಬು ಅಗಿಯುವುದನ್ನು ನಿಲ್ಲಿಸಿತು. ಆಮೇಲೆ ಜುಬೇದಮ್ಮ, "ಹೌದಣ್ಣ, ಹಸಿರೇ," ಅಂದರು.

"ಎಲೆ ಹಸಿರು," ಅಂದರು ಗಾಯಿತ್ರಮ್ಮ.

"ಮೆಷಿನ್ನಿಂದೇ ತಪ್ಪು, ಗಾರ್ಡ್ ಸಾಹೇಬ್ರೇ," ಅಂದರು ಆಚಾರ್ರು. ತಮ್ಮ ಮೆಷಿನ್ನು ತಪ್ಪೆಂದು ಅವರು ಹುಟ್ಟಿದಾಗಿನಿಂದ ಒಪ್ಪಿದವರಲ್ಲ. "ಕ್ಯಾಮೆರಾಕ್ಕೆ ಧೂಳು ಕೂತಿರ್ಬೇಕು."

ಓಂಕಾರಪ್ಪನವರ ಕೈ ನಿಧಾನವಾಗಿ ಇಳಿಯಿತು.

ಒಂದು ಕಾಲೋನಿಗೆ ಕಾಲೋನಿಯೇ ಒಬ್ಬ ಮನುಷ್ಯನಿಗಾಗಿ ಸುಳ್ಳು ಹೇಳುವುದನ್ನು ಅವರು ಮೊದಲ ಸಲ ಕೇಳುತ್ತಿದ್ದರು. ಅದೂ ಇಷ್ಟು ಕೆಟ್ಟದಾಗಿ. ಸುಳ್ಳಿನ ವಿಷಯದಲ್ಲಿ ಅವರಿಗೆ ಕಿವಿ ಸೂಕ್ಷ್ಮ. ಒಂದೊಂದಾಗಿ ನೆನಪಾಯಿತು. ಹಾಲಿನವನು ಇವರ ಮನೆ ಮುಂದೆ ಮಾತ್ರ ಯಾಕೆ ಬೆಲ್ಲು ಹೊಡೆಯುತ್ತಾ ಬರುತ್ತಾನೆ, ಜುಬೇದಮ್ಮ ದಾರಿಯಲ್ಲಿದ್ದ ಹೋತದ ಹಗ್ಗವನ್ನು ಇವರು ಬರುವ ಹೊತ್ತಿಗೆ ಯಾಕೆ ಸುತ್ತಿಡುತ್ತಾರೆ, ಅಂದಕ್ಕೆ ಅಂತ ಹೇಳಿ ಆಚಾರ್ರು ಇವರ ಜಗಲಿಯ ಅಂಚಿಗೆ ಯಾಕೆ ಅಷ್ಟು ದಪ್ಪನೆಯ ಸುಣ್ಣದ ಪಟ್ಟೆ ಬಳಿದರು. ಇಷ್ಟು ದಿನ ಇವರು, ತಾವು ಎಡವದಿರುವುದು ತಮ್ಮದೇ ಚಾಣಾಕ್ಷತನ ಅಂದುಕೊಂಡಿದ್ದರು.

"ವಸಂತ," ಅಂದರು. "ಇದು ಕೆಂಪಾ?"

"ಕೆಂಪು ಮಾವ."

"ನಂಗೆ ಕಾಣ್ಸಲ್ಲ ಕಣಮ್ಮ. ಹೊಗೆ ತುಂಬಿದ ಸುರಂಗದೊಳಗೆ ಕೂತಂಗಿದೆ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗ್ಬೇಕು ಅಂದ್ರು ಡಾಕ್ಟ್ರು. ಹೆದರಿಕೆ ಆಯ್ತು, ಯಾರಿಗೂ ಹೇಳ್ಲಿಲ್ಲ. ಅಕ್ಕನ್ನ ನಾನು ನೋಡ್ಕೊಳ್ತಾ ಇಲ್ಲ. ಅವಳೇ ನನ್ನ ನಡೆಸ್ತಾ ಇರೋದು. ಈವತ್ತು ಅವಳು ದಾರಿ ತಪ್ಪಿದ್ದೂ ನಿಜ. ನಾನೂ ತಪ್ಪಿದ್ದೆ. ಹೋತದ ಗಡ್ಡ ಹಿಡ್ಕೊಂಡು ಜಗಳ ಆಡಿದೆ. ಅವಳು ಸಿಕ್ಕಿ ನನ್ನ ಕೈ ಹಿಡಿದ ಮೇಲೆ ನಾನು ಮನೆ ಸೇರಿದ್ದು." ಬಾವುಟವನ್ನು ಮೆಲ್ಲಗೆ ಸುತ್ತಿದರು. "ಕರ್ಕೊಂಡು ಹೋಗೋದಾದ್ರೆ ನಿನ್ನ ಇಷ್ಟ. ಅವಳು ಸಾಕಿದ್ದಕ್ಕೆ ನಾನಿದೀನಿ. ಇಲ್ಲಿಯವರು ಸುಳ್ಳು ಹೇಳ್ತಾ ಇದ್ದಿದ್ದಕ್ಕೆ ಇಷ್ಟು ದಿನ ಎಡವದೆ ಇದೀನಿ. ಇನ್ನು ಕೇಳೋದಕ್ಕೆ ಏನೂ ಇಲ್ಲ."

"ಇವನಿಗೆ ಕಣ್ಣು ಕಾಣಲ್ಲ ಅಂತ ನಂಗೊತ್ತಿಲ್ವಾ?" ಅಂದಳು ಅಕ್ಕ. "ಅದನ್ನೊಂದು ಮರೀಬಾರ್ದು ಅಂತ ದಿನಾ ಹೇಳ್ಕೊಳ್ತಿರ್ತೀನಿ."

ವಸಂತ ಚೀಲ ಕೆಳಗಿಟ್ಟಳು. ಹೆಡ್‌ಮಿಸ್ಟ್ರೆಸ್ಸಿನ ಮುಖ ಎಲ್ಲೋ ಹೋಗಿತ್ತು. ಅಮ್ಮನ ಕಂಕುಳಿಂದ ಇನ್ನೊಂದು ಸುರುಳಿ ತೆಗೆದು ಮಾವನ ಕೈಗಿಟ್ಟಳು.

"ಇದು ಹಸಿರು ಮಾವ. ಬೀಸು. ಹಬ್ಬ ಕಳೀಲಿ, ಆಪರೇಷನ್ನಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅಮ್ಮನೂ ಜೊತೆಗೆ ಬರ್ತಾಳೆ. ಆಮೇಲೆ ಇಬ್ಬರೂ ಇಲ್ಲಿಗೇ ವಾಪಸ್. ಬಿಡಿಸಿದ್ರೆ ಎರಡು ಡಬ್ಬೀನೂ ಕೆಲಸಕ್ಕೆ ಬರಲ್ಲ."

ಓಂಕಾರಪ್ಪನವರು ಹಸಿರು ಬೀಸಿದರು. ಶೆಡ್ಡಿನ ಚಿಲಕ ತೆರೆಯಿತು. ಇಡೀ ಕಾಲೋನಿ ಒಂದು ಬೀಗದ ಕೈಯನ್ನು ಕರೆತರಲು ಹೋತದ ಸಮೇತ ಒಳಗೆ ಹೋಗಿ ಆಚೆ ಬಂತು. ಬಿಲ್ಲೆಗಳು ಬಿಚ್ಚಿಕೊಂಡವು. ಬಿಚ್ಚಿದ ಮೇಲೂ ಎಷ್ಟೋ ಹೊತ್ತು ಯಾರೂ ಕೈ ಬಿಡಲಿಲ್ಲ.

ಜಗಲಿಯ ಮೇಲೆ ವಸಂತ ಮಾವನ ಅಂಗೈಗೆ ಎಳ್ಳು ಬೆಲ್ಲ ಹಾಕಿದಳು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಮಾವ."

"ಒಳ್ಳೇ ಮಾತೇ ಆಡ್ತಿದ್ದೆನಲ್ಲಮ್ಮ. ನಿಜ ಆಡು ಅಂತ ಯಾರೂ ಹೇಳಿರ್ಲಿಲ್ಲ."

"ಹಾಗಾದ್ರೆ ಬಾಣಾವರದ ಡ್ರೈವರ್ ಮೀಸೆ?"

"ಅದು ಸುಳ್ಳು," ಅಂದರು ಓಂಕಾರಪ್ಪನವರು. "ಬಾಣಾವರದಲ್ಲಿ ಗಾಡಿ ನಿಂತಿತ್ತು ಅನ್ನೋದು ಮಾತ್ರ ನಿಜ."

"ಅದಾದ್ರೂ ಕಾಣಿಸ್ತಾ?"

ಓಂಕಾರಪ್ಪನವರು ಎಳ್ಳು ಅಗಿದು ನುಂಗಿದರು.

"ಇಲ್ಲ. ಟೈಂಟೇಬಲ್ ಬಾಯಿಪಾಠ."